ಬೆಳಕು ನೋಡದೆ ಹೋದ ದಿವಾನರು

ನಮ್ಮ ಪರೀಕ್ಷೆಗಳಲ್ಲಿ ಶಿವನಸಮುದ್ರ ಅಂದ್ರ ಒಂದು ಮಾರ್ಕಿನ ಪ್ರಶ್ನೆ. ನದಿ ಕಾವೇರಿ, ಇಸವಿ 1902 ಅಂತ ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆ ವಿದ್ಯುದಾಗಾರಕ್ಕೆ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಇಟ್ಟಾರ. ಅವರು ಎಂಜಿನಿಯರ್ ಅಲ್ಲ, ಕಾನೂನು ಓದಿದವರು. ಯೋಜನೆಗೆ ಒಪ್ಪಿಗೆ ಕೊಟ್ಟು ಕೆಲಸ ಶುರು ಮಾಡಿಸಿದ ಮೈಸೂರಿನ ದಿವಾನರು. ಆದರೆ ಅಲ್ಲಿಂದ ಹೊರಟ ಮೊದಲ ಕರೆಂಟನ್ನು ಅವರು ನೋಡಲಿಲ್ಲ. ಅದಕ್ಕೆ ಒಂಬತ್ತು ತಿಂಗಳ ಮೊದಲೇ ತೀರಿಕೊಂಡರು.

ಭೀಮಾ ದಂಡೆಯ ಮಣ್ಣೂರಿನಿಂದ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬಂದ ನಮಗೆ ಮೈಸೂರು ದಿವಾನರ ಕಥೆ ಯಾಕ ಬೇಕು ಅಂತ ಕೇಳಬಹುದು. ಅವರ ಕಾಲದಲ್ಲಿ ನಮ್ಮ ಸೀಮೆ ನಿಜಾಮರ ಹೈದರಾಬಾದ್ ರಾಜ್ಯದಲ್ಲಿತ್ತು. ಅವರು ಹಾಕಿಸಿದ ಕಂಬ ಒಂದೂ ಇತ್ತ ಬರಲಿಲ್ಲ. ಆದರೂ ಈ ಕಥೆ ನಮಗೆ ಸಂಬಂಧಪಟ್ಟದ್ದು. ಹೊಳೆಯಿಂದ ದೂರದ ಊರಿಗೆ ಕರೆಂಟ್ ಒಯ್ಯುವ ಕೆಲಸ ಈ ನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು ಅವರಿಂದ. ಅದು ಮುಗಿಯಬೇಕಾದದ್ದು ನಮ್ಮ ಮನೆಯೊಳಗೆ. ಮೀಟರಿನಿಂದ ಕೂಲರಿನ ತನಕದ ಆ ಕೊನೆಯ ಹತ್ತು ಮೀಟರ್ ಕೆಲಸ ಇನ್ನೂ ಎಷ್ಟೋ ಮನೆಗಳಲ್ಲಿ ಬಾಕಿ ಅದ.

ಪಾಲಕ್ಕಾಡಿನಿಂದ ಮೈಸೂರಿಗೆ

ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರ ಜೂನ್ 1ರಂದು, ಇಂದಿನ ಕೇರಳದ ಪಾಲಕ್ಕಾಡಿನ ಕುಮಾರಪುರದಲ್ಲಿ. ಓದಿದ್ದು ಕೋಳಿಕ್ಕೋಡಿನಲ್ಲಿ, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ. 1868ರಲ್ಲಿ ಬಿ.ಎ. ಮುಗಿಸಿದರು. ಅದೇ ವರ್ಷ ಮೈಸೂರಿನ ಸೇವೆಗೆ ಬಂದರು. ಆಗ ಅವರಿಗೆ 23 ವರ್ಷ, ಹೆಚ್ಚುಕಡಿಮೆ ನಮ್ಮ ಫೈನಲ್ ಇಯರ್ ಮುಗಿಸಿದವರ ವಯಸ್ಸು.

ಮೈಸೂರು ಆಗ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿತ್ತು. ನ್ಯಾಯಾಂಗ ಮತ್ತು ಕಂದಾಯ ಎರಡರಲ್ಲೂ ದುಡಿದು ಅವರು ಡೆಪ್ಯುಟಿ ಕಮಿಷನರ್ ಹುದ್ದೆಗೆ ಏರಿದರು. ನೌಕರಿ ಮಾಡುತ್ತಲೇ ಕಾನೂನು ಪದವಿಯನ್ನೂ ಪಡೆದರು. ಈ ನಡುವೆ 1876ರಿಂದ 78ರ ಭೀಕರ ಬರ ಬಂತು. ಮೈಸೂರು ರಾಜ್ಯದಲ್ಲಿ ಲಕ್ಷಗಟ್ಟಲೆ ಜನ ಹಸಿವಿನಿಂದ ಸತ್ತರು. ಸರಕಾರದ ಬೊಕ್ಕಸ ಬರಿದಾಯಿತು. 1881ರಲ್ಲಿ ರಾಜ್ಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಬ್ರಿಟಿಷ್ ಸರಕಾರಕ್ಕೆ 80 ಲಕ್ಷ ರೂಪಾಯಿ ಸಾಲ ಇತ್ತು.

ರಾಜ್ಯ ಮರಳಿದ ಮೇಲಿನ ಮೊದಲ ದಿವಾನರಾದ ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡರು. ಆ ಜಾಗಕ್ಕೆ ಬಂದವರು 37 ವರ್ಷದ ಶೇಷಾದ್ರಿ ಅಯ್ಯರ್. 1901ರ ತನಕ, ಅಂದ್ರ ಹದಿನೆಂಟು ವರ್ಷ, ಆ ಕುರ್ಚಿಯಲ್ಲಿದ್ದರು. 1881ರ ನಂತರದ ಮೈಸೂರಿನ ದಿವಾನರಲ್ಲಿ ಅಷ್ಟು ದೀರ್ಘಕಾಲ ಇದ್ದವರು ಬೇರೆ ಯಾರೂ ಇಲ್ಲ. 1894ರಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದ ಮೇಲೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ ರಾಜ್ಯಭಾರ ಹೊತ್ತರು. ಆಗಲೂ ಆಡಳಿತದ ಭಾರ ಬಹುಪಾಲು ದಿವಾನರ ಹೆಗಲ ಮೇಲೇ ಇತ್ತು.

ನೀರು, ಗಾಳಿ, ಬೆಳಕು

ಅವರ ಕಾಲದ ಕೆಲಸಗಳ ಪಟ್ಟಿ ಉದ್ದ ಅದ. ರೈಲು ಹಳಿಗಳು ಬೆಳೆದವು. ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಬಂತು. ಚಿತ್ರದುರ್ಗ ಜಿಲ್ಲೆಯ ಒಣನೆಲಕ್ಕೆ ನೀರು ಕೊಡಲು ಮಾರಿಕಣಿವೆಯ ಅಣೆಕಟ್ಟು 1898ರಲ್ಲಿ ಶುರುವಾಯಿತು. ಇಂದಿನ ವಾಣಿವಿಲಾಸ ಸಾಗರ ಅದೇ. ಅದೇ ವರ್ಷ ಬೆಂಗಳೂರಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಪೇಟೆಯ ಮನೆಗಳಲ್ಲಿ ಜನ ಸಾಯತೊಡಗಿದರು. ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳು ಬೆಳೆದದ್ದು ಆ ಪೆಟ್ಟಿನ ನಂತರ. ನೇರ ರಸ್ತೆ, ಮನೆಗಳ ಹಿಂದೆ ಸಣ್ಣ ಓಣಿ, ಗಾಳಿ ಆಡಲು ಜಾಗ ಅಲ್ಲಿದ್ದವು. ಮನೆಗೆ ಬೆಳಕು ಬೇಕು ಅನ್ನೋದು ಅಂದಕ್ಕಲ್ಲ, ಜೀವಕ್ಕೆ ಅಂತ ಆ ಊರು ಕಷ್ಟಪಟ್ಟು ಕಲಿತ ಪಾಠ ಅದು.

ಅವರನ್ನು ಎಲ್ಲರೂ ಮೆಚ್ಚಿದ್ದರು ಅಂತ ಬರೆದರೆ ಸುಳ್ಳಾಗ್ತದ. ದೊಡ್ಡ ಹುದ್ದೆಗಳಿಗೆ ಮದರಾಸಿನವರನ್ನೇ ತರ್ತಾರ, ಮೈಸೂರಿನ ಹುಡುಗರಿಗೆ ಅವಕಾಶ ಇಲ್ಲ ಅನ್ನೋ ದೂರು ಅವರ ಮೇಲೆ ಜೋರಾಗಿತ್ತು. ಅಧಿಕಾರವೆಲ್ಲ ಒಬ್ಬರ ಕೈಯಲ್ಲೇ ಸೇರಿದೆ ಅಂತಲೂ ಟೀಕೆ ಇತ್ತು. ಈ ದೂರುಗಳಲ್ಲಿ ಹುರುಳಿಲ್ಲ ಅನ್ನೋದು ಕಷ್ಟ. ಆದರೆ ಸಾಲದ ರಾಜ್ಯವನ್ನು ಉಳಿತಾಯದ ರಾಜ್ಯ ಮಾಡಿದವರು ಅವರು ಅನ್ನೋದೂ ಖರೇ. ಆ ಉಳಿತಾಯ ಇರದಿದ್ದರೆ ಮುಂದಿನ ಮಾತೇ ಬರುತ್ತಿರಲಿಲ್ಲ.

ಜಲಪಾತ ಮತ್ತು ಚಿನ್ನದ ಗಣಿ

ಶಿವನಸಮುದ್ರದಲ್ಲಿ ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿ ಅಂತ ಧುಮುಕುತ್ತಾಳೆ. ಯಂತ್ರಕ್ಕೆ ಸಿಗುವ ಎತ್ತರ ಸುಮಾರು 400 ಅಡಿ. ಆ ನೀರಿನಿಂದ ವಿದ್ಯುತ್ ತೆಗೆಯಬಹುದು ಅಂತ ಯೋಜನೆ ಮುಂದಿಟ್ಟವರು ಮೈಸೂರಿನ ಸೇವೆಯಲ್ಲಿದ್ದ ರಾಯಲ್ ಎಂಜಿನಿಯರ್ಸ್‌ನ ಅಧಿಕಾರಿ ಎ. ಜೆ. ಡಿ ಲೋಟ್‌ಬಿನಿಯೆರ್, ಕೆನಡಾದವರು.

ಆ ಹೊತ್ತಿಗೆ ನಮ್ಮ ದೇಶದಲ್ಲಿ ವಿದ್ಯುತ್ ಇರಲೇ ಇಲ್ಲ ಅಂತಲ್ಲ. 1897ರಲ್ಲಿ ಡಾರ್ಜಿಲಿಂಗ್ ಹತ್ತಿರ ಸಣ್ಣದೊಂದು ಜಲವಿದ್ಯುತ್ ಘಟಕ ಶುರುವಾಗಿತ್ತು. 1899ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಿದ್ದಲಿನ ಕೇಂದ್ರ ಬಂದಿತ್ತು. ಹಂಗಾಗಿ ಬೆಂಗಳೂರೇ ಏಷ್ಯಾದಲ್ಲಿ ಮೊದಲು ದೀಪ ಕಂಡದ್ದು ಅಂತ ವಾಟ್ಸಾಪಿನಲ್ಲಿ ಬರುವ ಮಾತನ್ನು ಹಂಗೇ ನಂಬಬ್ಯಾಡ್ರಿ. ಮೈಸೂರಿನ ಹೆಚ್ಚುಗಾರಿಕೆ ಬೇರೆ ಕಡಿ ಅದ, ಅದು ದೂರದ ವಿಷಯ. ಕರೆಂಟ್ ಬೇಕಾಗಿದ್ದದ್ದು ಕೋಲಾರದ ಚಿನ್ನದ ಗಣಿಗೆ, ಜಲಪಾತದಿಂದ 92 ಮೈಲಿ ಆಚೆ. ಸುಮಾರು 148 ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ ಕಲಬುರಗಿಯಿಂದ ರಾಯಚೂರಿಗೆ ಹೋದಷ್ಟು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 1896ರಲ್ಲಿ ನಯಾಗರಾದಿಂದ ಬಫಲೋ ನಗರಕ್ಕೆ ಹೋದ ಪ್ರಸಿದ್ಧ ಲೈನ್ ಕೂಡ ಇದರ ಮೂರನೇ ಒಂದು ಭಾಗ ಇರಲಿಲ್ಲ.

ದಿವಾನರು ಏನು ಮಾಡಿದರು ನೋಡ್ರಿ. ಲೋಟ್‌ಬಿನಿಯೆರ್ ಅವರನ್ನು ಅಮೆರಿಕ ಮತ್ತು ಯುರೋಪಿಗೆ ಕಳಿಸಿ, ಕಣ್ಣಾರೆ ನೋಡಿ ಬರಲು ಬಿಟ್ಟರು. ಟರ್ಬೈನ್‌ಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ, ವಿದ್ಯುತ್ ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ತರಿಸುವುದು ಅಂತ ಗೊತ್ತಾಯಿತು. ಕರೆಂಟ್ ಹುಟ್ಟುವ ಮೊದಲೇ ಅದನ್ನು ಕೊಳ್ಳುವವರನ್ನು ಹಿಡಿದರು. ಗಣಿಗಳನ್ನು ನೋಡಿಕೊಳ್ಳುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಜೊತೆ ಒಪ್ಪಂದವಾಯಿತು. ಚಿನ್ನದ ಮೇಲೆ ಸರಕಾರಕ್ಕೆ ರಾಜಧನ ಬರುತ್ತಿತ್ತು, ಈಗ ಗಣಿಯ ಯಂತ್ರ ತಿರುಗಿಸುವ ಕರೆಂಟಿನ ಬಾಡಿಗೆಯೂ ಬರುವಂತಾಯಿತು. ಬಡರಾಜ್ಯವೊಂದು ಅಷ್ಟು ದೊಡ್ಡ ಹಣ ಹೂಡುವ ಮೊದಲು ಇಷ್ಟು ಲೆಕ್ಕ ಹಾಕಿತ್ತು.

ಯಂತ್ರಗಳು ಮದ್ದೂರಿನ ತನಕ ರೈಲಿನಲ್ಲಿ ಬಂದವು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ, ಆನೆ. 1902ರ ಜೂನ್ 30ರಂದು ಶಿವನಸಮುದ್ರದ ಕರೆಂಟ್ ಕೋಲಾರದ ಗಣಿ ಮುಟ್ಟಿತು. ಮೊದಲ ಹಂತದಲ್ಲಿ ಸುಮಾರು 4,000 ಅಶ್ವಶಕ್ತಿ.

ಶೇಷಾದ್ರಿ ಅಯ್ಯರ್ ಆಗ ಇರಲಿಲ್ಲ. ಆರೋಗ್ಯ ಕೆಟ್ಟು 1901ರ ಮಾರ್ಚಿನಲ್ಲಿ ದಿವಾನಗಿರಿ ಬಿಟ್ಟಿದ್ದರು. ಅದೇ ವರ್ಷ ಸೆಪ್ಟೆಂಬರ್ 13ರಂದು ತೀರಿಕೊಂಡರು. ವಯಸ್ಸು 56. ಅವರ ಆಯುಷ್ಯದ ರಾತ್ರಿಗಳು ಹೆಚ್ಚಾಗಿ ಎಣ್ಣೆ ದೀಪದಲ್ಲೇ ಕಳೆದವು.

ಒಂದೇ ಸೂತ್ರ, ಎರಡು ಜಾಗ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. 4,000 ಅಶ್ವಶಕ್ತಿ ಅಂದ್ರ ಸುಮಾರು 3,000 ಕಿಲೋವ್ಯಾಟ್. ಲೈನಿನ ವೋಲ್ಟೇಜ್ 30 ಸಾವಿರದ ಮೇಲಿತ್ತು. 30,000 ಅಂತಲೇ ಹಿಡಿಯಿರಿ, ಪವರ್ ಫ್ಯಾಕ್ಟರ್ ಒಂದು ಅನ್ನಿರಿ. ತ್ರೀ ಫೇಸ್ ಲೈನಿನಲ್ಲಿ ಕರೆಂಟ್ 58 ಆಂಪಿಯರ್ ಆಗ್ತದ. ಅದನ್ನೇ 400 ವೋಲ್ಟಿನಲ್ಲಿ ಒಯ್ದಿದ್ದರೆ 4,330 ಆಂಪಿಯರ್. ಕರೆಂಟ್ 75 ಪಟ್ಟು, ತಂತಿಯಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ 75ರ ವರ್ಗ, ಅಂದ್ರ 5,625 ಪಟ್ಟು. ಐ ಸ್ಕ್ವೇರ್ ಆರ್ ಅಂತ ಮೊದಲ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. 148 ಕಿಲೋಮೀಟರ್ ದಾಟಲು ಆ ನಷ್ಟವನ್ನು ಗೆಲ್ಲಬೇಕಿತ್ತು, ಗೆದ್ದರು.

ಈಗ ಅದೇ ಸೂತ್ರ ಹಿಡಿದು ಮಣ್ಣೂರಿನ ಒಂದು ಮನೆಯೊಳಗೆ ಬರ್ರಿ. 2,000 ವ್ಯಾಟಿನ ಹೀಟರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೀತದ. ಪ್ಲಗ್ಗಿನಲ್ಲಿ ಸ್ಕ್ರೂ ಸಡಿಲಾಗಿ ಅಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಕೂತಿದೆ ಅನ್ನಿರಿ. ಐ ಸ್ಕ್ವೇರ್ ಆರ್ ಅಂದ್ರ 38 ವ್ಯಾಟ್. ಹಳೆಯ 40 ವ್ಯಾಟಿನ ಬಲ್ಬನ್ನು ಬೋರ್ಡಿನ ಒಳಗೆ, ಪ್ಲಾಸ್ಟಿಕ್ಕಿನ ನಡುವೆ ಹಚ್ಚಿ ಮುಚ್ಚಿಟ್ಟಂಗ. ಪ್ಲಗ್ ಕಪ್ಪಾಗುವುದು, ಸುಟ್ಟ ವಾಸನೆ ಬರುವುದು, ಒಂದು ದಿನ ಬೆಂಕಿ ಹತ್ತುವುದು ಇದರಿಂದಲೇ. ಗೃಹಜ್ಯೋತಿಯಿಂದ ಬಿಲ್ ಜೀರೋ ಬರಬಹುದು, ವೈರಿಗೆ ಬಿಲ್ಲಿನ ಸುದ್ದಿ ಗೊತ್ತಾಗೋದಿಲ್ಲ. ಹಿಂದೆ ಒಂದು ಬಲ್ಬಿಗೆ ಅಂತ ಎಳೆದ ತೆಳು ವೈರಿಗೇ ಇವತ್ತು ಫ್ರಿಜ್, ಮಿಕ್ಸರ್, ಕೂಲರ್ ಎಲ್ಲಾ ತಗಲಿಸಿದರೆ ಅದು ಬಿಸಿಯಾಗೇ ಆಗ್ತದ.

ಬೆಳಕು ಬೀದಿಗೆ, ಆಮೇಲೆ ಮನೆಗೆ

ಗಣಿಗೆ ಹೋದ ಕರೆಂಟ್ 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ಬಂತು. ಕೆಲವೇ ವರ್ಷಗಳಲ್ಲಿ ಮೈಸೂರು ನಗರಕ್ಕೂ ಬಂತು. ಮನೆಗಳಿಗೆ ನಿಧಾನವಾಗಿ, ಉಳ್ಳವರಿಂದ ಶುರುವಾಗಿ. ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಶಿವನಸಮುದ್ರದ ಯಂತ್ರಗಳಿಗೂ ನೀರು ಸಾಲದು. ಆ ಕೊರತೆ ನೀಗುವುದು 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಮುಂದೆ ಶಿಂಷಾ, ಜೋಗ, ಶರಾವತಿ, ನಮ್ಮ ಕಡಿ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಬಂದವು. 1956ರಲ್ಲಿ ನಾಡು ಒಂದಾದ ಮೇಲೆ ಜಾಲವೂ ಒಂದಾಗುತ್ತ ಬಂತು. ಚಿಮಣಿ, ಕಂದೀಲು ಹಿಡಿದು ಓದಿದವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರ. ಬಡವರ ಮನೆಗೆ ಭಾಗ್ಯಜ್ಯೋತಿಯ ಒಂದು ಬಲ್ಬ್ ಬಂದಾಗ ಅದೇ ಒಂದು ಹಬ್ಬ.

ಆ ಬಲ್ಬಿನ ಬೆಲೆಯನ್ನು ನೀರಿನಲ್ಲಿ ಅಳೆದು ನೋಡ್ರಿ. ಒಂದು ಸಾವಿರ ಲೀಟರ್ ನೀರು 400 ಅಡಿ ಧುಮುಕಿದರೆ, ನಷ್ಟ ಏನೂ ಇಲ್ಲ ಅಂದರೂ ಸಿಗೋದು ಒಂದು ಯೂನಿಟ್ಟಿನ ಮೂರನೇ ಒಂದು ಭಾಗ. ಒಂದು ಯೂನಿಟ್ಟಿಗೆ ಮೂರು ಸಾವಿರ ಲೀಟರ್, ಮನೆಯ ಮೇಲಿನ ಮೂರು ದೊಡ್ಡ ಟಾಕಿ. 60 ವ್ಯಾಟಿನ ನಾಲ್ಕು ಹಳೆಯ ಬಲ್ಬ್ ದಿನಕ್ಕೆ ಐದು ತಾಸು ಉರಿದರೆ 1.2 ಯೂನಿಟ್, 3,600 ಲೀಟರ್. ಅಷ್ಟೇ ಬೆಳಕಿನ 9 ವ್ಯಾಟಿನ ಎಲ್‌ಇಡಿ ಹಾಕಿದರೆ 0.18 ಯೂನಿಟ್, 540 ಲೀಟರ್ ಸಾಕು.

ಬಲ್ಬ್ ಬದಲಿಸಿದರೆ ಸಾಲದು, ಜಾಗವೂ ನೋಡಬೇಕು. ನಮ್ಮ ಅಡುಗೆಮನೆಗಳಲ್ಲಿ ದೀಪ ಹೆಚ್ಚಾಗಿ ಬೆನ್ನ ಹಿಂದೆ ಇರ್ತದ. ನಿಂತವರ ನೆರಳು ಕಾಯಿಪಲ್ಲೆ ಹೆಚ್ಚುವ ಕೈ ಮೇಲೇ ಬೀಳ್ತದ. ಕಟ್ಟೆಯ ಮೇಲೆ ನೇರವಾಗಿ ಒಂದು ಸಣ್ಣ ದೀಪ ಇದ್ದರೆ ಅವ್ವನ ಬೆರಳು ಉಳೀತದ. ಮೆಟ್ಟಿಲು, ಬಚ್ಚಲು, ದನದ ಕೊಟ್ಟಿಗೆಯ ಬಾಗಿಲು ಇವು ಮುಪ್ಪಾದವರು ಬೀಳುವ ಜಾಗಗಳು, ಅಲ್ಲಿ ಮೊದಲು ಬೆಳಕಿರಲಿ. ಗೋಡೆಗೆ ಸುಣ್ಣ ಬಳಿದರೂ ಅದೇ ಬಲ್ಬಿನ ಬೆಳಕು ಹೆಚ್ಚು ಕಾಣ್ತದ. ಹಳೆಯ ಮಾಳಿಗೆ ಮನೆಯ ಬೆಳಕಿಂಡಿಯನ್ನು ಮುಚ್ಚಬ್ಯಾಡ್ರಿ, ಹಗಲಿನ ದೀಪ ಅದು.

ಕೊನೆಯ ಹತ್ತು ಮೀಟರ್

ಇನ್ನು ಜೀವದ ಮಾತು. ನಮ್ಮ ಕಡಿ ಬೇಸಿಗೆ ಹೆಂಗಿರ್ತದ ಅಂತ ಹೇಳಬೇಕಾಗಿಲ್ಲ. ಏಪ್ರಿಲ್ ಬಂತಂದ್ರ ತಗಡಿನ ಮೈಯ ಕೂಲರ್ ಹೊರಗೆ ಬರ್ತಾವ. ಒಳಗೆ ನೀರು, ನೀರಿನೊಳಗೆ ಪಂಪು, ಸುತ್ತ ಕಬ್ಬಿಣ, ಕೆಳಗೆ ಒದ್ದೆ ಫರಸಿ, ಬರಿಗಾಲು. ಪಂಪಿನ ಇನ್ಸುಲೇಷನ್ ಹೋದರೆ ಇಡೀ ತಗಡಿಗೆ ಕರೆಂಟ್ ಬರ್ತದ.

ಒದ್ದೆ ಮೈಯ ರೆಸಿಸ್ಟೆನ್ಸ್ 1,000 ಓಮ್ ಅಂತ ಹಿಡಿದರೆ 230 ವೋಲ್ಟಿಗೆ ದೇಹದಲ್ಲಿ ಹರಿಯೋದು 230 ಮಿಲಿಆಂಪಿಯರ್. ಸುಮಾರು 10 ಮಿಲಿಆಂಪಿಯರಿಗೇ ಕೈ ಬಿಗಿಹಿಡಿದು ಬಿಡಿಸಿಕೊಳ್ಳಲು ಆಗೋದಿಲ್ಲ. 30 ದಾಟಿದರೆ ಉಸಿರಿಗೆ, ಎದೆಬಡಿತಕ್ಕೆ ಅಪಾಯ. ಆದರೆ ಬೋರ್ಡಿನಲ್ಲಿರುವ 6 ಆಂಪಿಯರಿನ ಎಂಸಿಬಿ 6,000 ಮಿಲಿಆಂಪಿಯರಿನ ತನಕ ಸುಮ್ಮನೆ ಕೂಡ್ತದ. ಮನುಷ್ಯ ಸಾಯುವುದು ಅದರ ಕಣ್ಣಿಗೆ ಒಂದು ಸಣ್ಣ ಬಲ್ಬ್ ಉರಿದಂಗ. ಎಂಸಿಬಿ ಕಾಯೋದು ವೈರನ್ನು, ಮನುಷ್ಯರನ್ನಲ್ಲ. ಮನುಷ್ಯರನ್ನು ಕಾಯೋದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟ್ ಅಷ್ಟೇ ವಾಪಸ್ ಬಂತೋ ಇಲ್ಲೋ ಅಂತ ಅದು ತೂಗಿ ನೋಡ್ತದ, ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸ್ತದ.

ಇದರ ಜೊತೆ ಅರ್ಥಿಂಗ್ ಬೇಕು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಹಸಿಯಾಗಿ ಕರೆಂಟನ್ನು ಚಂದಾಗಿ ಎಳಕೊಳ್ತದ. ಬೇಸಿಗೆಯಲ್ಲಿ ಒಣಗಿ, ಕೈ ಹಿಡಿಸುವಷ್ಟು ಬಿರುಕು ಬಿಡ್ತದ. ಕಂಬಿಗೂ ಮಣ್ಣಿಗೂ ಸಂಪರ್ಕ ತಪ್ಪಿ ಅರ್ಥಿಂಗಿನ ರೆಸಿಸ್ಟೆನ್ಸ್ ಏರ್ತದ. ಅದು 10 ಓಮ್ ಇದ್ದರೆ ತಗಡಿಗೆ ಬಂದ ಕರೆಂಟ್ 23 ಆಂಪಿಯರ್ ಆಗಿ ಎಂಸಿಬಿ ಬೀಳ್ತದ. 100 ಓಮ್ ಆದರೆ ಬರೀ 2.3 ಆಂಪಿಯರ್, ಎಂಸಿಬಿ ಬೀಳೋದಿಲ್ಲ, ತಗಡು ಹಂಗೇ ಕರೆಂಟ್ ಹೊತ್ತು ನಿಲ್ತದ. ಲಕ್ಷ್ಯ ಕೊಡ್ರಿ: ಅರ್ಥಿಂಗ್ ಅತಿ ದುರ್ಬಲ ಆಗುವ ತಿಂಗಳುಗಳೂ ಕೂಲರ್ ಓಡುವ ತಿಂಗಳುಗಳೂ ಒಂದೇ.

ಅದಕ್ಕ ಈ ಸಲ ರಜೆಗೆ ಊರಿಗೆ ಹೋದಾಗ ಇಷ್ಟು ನೋಡ್ರಿ. ಅರ್ಥ್ ಗುಂಡಿ ಎಲ್ಲಿದೆ, ಅದರ ತಂತಿ ನಿಜವಾಗಿಯೂ ಬೋರ್ಡಿನ ತನಕ ಬಂದದಾ? ಬೇಸಿಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿರಿ. ಹಿಂದೆ ಕೆಲವರು ನಳದ ಕಬ್ಬಿಣದ ಪೈಪಿಗೆ ಅರ್ಥ್ ಕಟ್ಟುತ್ತಿದ್ದರು. ಆ ಪೈಪ್ ತೆಗೆದು ಪಿವಿಸಿ ಹಾಕಿದ ದಿನವೇ ಅವರ ಅರ್ಥಿಂಗ್ ಹೋಯಿತು. ನ್ಯೂಟ್ರಲ್ಲನ್ನೇ ಅರ್ಥ್ ಮಾಡಿ ಕಟ್ಟಿದ್ದರೆ ಬಿಚ್ಚಿಸಿರಿ, ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕೂಲರಿನ ಮೈಗೆ ನೇರ ಫೇಸ್ ಬರ್ತದ. ಎರಡು ಪಿನ್ನಿನ ಪ್ಲಗ್ಗಿನಲ್ಲಿ ಕೂಲರ್ ಬ್ಯಾಡ. ನೀರು ಹಾಕುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಹಾಕಬೇಕು. ಬಟ್ಟೆ ಒಣಹಾಕುವ ತಂತಿಯನ್ನು ಪತ್ರಾಸಿಗಾಗಲಿ ಸರ್ವಿಸ್ ವೈರ್ ಹಾದುಹೋದ ಕಂಬಿಗಾಗಲಿ ಕಟ್ಟಬಾರದು, ನೈಲಾನ್ ಹಗ್ಗ ಸಾಕು. ಆರ್‌ಸಿಸಿಬಿ ಇದ್ದರೆ ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡ್ರಿ. ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿರಿ. ನಾವು ಎಂಜಿನಿಯರಿಂಗ್ ಓದ್ತೀವಿ ಅಂತ ಮೇನ್ ಸ್ವಿಚ್ಚಿಗೆ ಕೈ ಹಾಕೋದು ಬ್ಯಾಡ. ಯಾರಿಗಾದರೂ ಶಾಕ್ ಹೊಡೆದರೆ ಮೊದಲು ಮೇನ್ ಆಫ್ ಮಾಡಿರಿ, ಆಮೇಲೆ ಮುಟ್ಟಿರಿ.

ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶೇಷಾದ್ರಿ ಅಯ್ಯರ್ ಅವರ ಪ್ರತಿಮೆ ಅದ. ಹಿಂದಿನ ಕೆಂಪು ಕಟ್ಟಡ ಅವರ ಸ್ಮಾರಕ, ಈಗ ಗ್ರಂಥಾಲಯ. ಶೇಷಾದ್ರಿಪುರ ಅವರ ಹೆಸರಿನ ಬಡಾವಣೆ. ಅವರು ಬಿಟ್ಟುಹೋದ ದೊಡ್ಡ ಪಾಠ ಮಾತ್ರ ಸರಳ: ದುಡ್ಡು ಹಾಕುವ ಮೊದಲು ಲೆಕ್ಕ ಹಾಕು, ತಿಳಿದವರನ್ನು ಕರೆಸು, ತಾನು ನೋಡದಿದ್ದರೂ ಮುಂದಿನವರಿಗೆ ಬೆಳಕು ಬರಲಿ ಅಂತ ಕೆಲಸ ಶುರು ಮಾಡು. 148 ಕಿಲೋಮೀಟರಿಗೆ ಆ ಲೆಕ್ಕ ಅವರ ಕಾಲದಲ್ಲೇ ಆಯಿತು. ಅವ್ವ ಬರಿಗಾಲಲ್ಲಿ ನಿಂತು ಕೂಲರಿಗೆ ನೀರು ಹಾಕುವ ಜಾಗದ ಲೆಕ್ಕ ನಮ್ಮ ಪಾಲಿಗೆ ಉಳಿದದ. ಏಪ್ರಿಲ್ ಬರುವ ಮೊದಲು ಮುಗಿಸೋಣ.